ಕೊನೆಯ ಸಾಲಿಗೆ ಹಾಡಿದ್ದು ಕ್ಯಾಮೆರಾಕ್ಕೆ ಸಿಕ್ಕಾಗ: 'ಲಾ ಬೊಯೆಮ್' ಒಪೆರಾದ ಒಂದು ಚಿತ್ರೀಕರಣವನ್ನು ನೋಡುವ ಬಗೆ

ಕೊರೊನಾ ಕಾರಣದಿಂದ ಬಾಗಿಲು ಹಾಕಿದ್ದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, 2020ರ ಮಾರ್ಚ್ 16ರಿಂದ ತನ್ನ ಹಳೆಯ ಚಿತ್ರೀಕರಣಗಳನ್ನು ದಿನಕ್ಕೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸತೊಡಗಿತು. ಮೊದಲ ದಿನ ಬಿಜೆಯ 'ಕಾರ್ಮೆನ್', ಎರಡನೆಯ ದಿನ ಪುಚ್ಚೀನಿಯ 'ಲಾ ಬೊಯೆಮ್'. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಎಂಬ ಹೆಸರನ್ನಷ್ಟೇ ಕೇಳಿದ್ದ ಎಷ್ಟೋ ಜನರಿಗೆ ಅದು ಹೀಗೆ ಮನೆಯ ಟಿವಿಗೂ ಕೈಯಲ್ಲಿನ ಫೋನಿಗೂ ಬಂದು ಸೇರಿತು. ಹತ್ತು ನಿಮಿಷ ನೋಡಿ ನಿಲ್ಲಿಸಿದವರೂ ಇದ್ದಾರೆ. ಅವರ ಪ್ರಶ್ನೆಗಳು ನ್ಯಾಯವಾಗಿಯೇ ಇದ್ದವು: ಎರಡು ಅಡಿ ದೂರದಲ್ಲಿ ನಿಂತವಳಿಗೆ ಪ್ರೀತಿಯ ಮಾತು ಹೇಳಲು ಇಷ್ಟು ದೊಡ್ಡ ದನಿ ಏಕೆ? ಕ್ಷಯದಿಂದ ಉಸಿರಾಡಲೂ ಆಗದವಳು ಹಾಡುವುದು ಹೇಗೆ? ಎದುರಿಗೆ ಇರುವವಳನ್ನು ಬಿಟ್ಟು ನಾಯಕ ಎಲ್ಲಿಗೋ ನೋಡುತ್ತಿರುವುದೇಕೆ?

ಈ ಎಲ್ಲ ಪ್ರಶ್ನೆಗಳಿಗೂ ಬೇರೊಂದು ಪ್ರಶ್ನೆ ತಳಹದಿಯಾಗಿದೆ: ಪ್ರೇಕ್ಷಕ ಎಷ್ಟು ದೂರದಲ್ಲಿ ಕುಳಿತಿದ್ದಾನೆ? ದೊಡ್ಡ ರಂಗಮಂದಿರದ ಕೊನೆಯ ಸಾಲಿನವನನ್ನು ತಲುಪಲೆಂದು ಬೆಳೆದ ಕಲೆಯನ್ನು ಕ್ಯಾಮೆರಾ ಒಂದು ಮೊಳದ ಅಂತರಕ್ಕೆ ತಂದು ನಿಲ್ಲಿಸಿದಾಗ ಏನಾಗುತ್ತದೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ಇದಕ್ಕೆ ಉದಾಹರಣೆಯಾಗಿ, ಅದೇ ಮೆಟ್ರೊಪಾಲಿಟನ್ ಒಪೆರಾದಲ್ಲಿ 1982ರ ಜನವರಿಯಲ್ಲಿ ದೂರದರ್ಶನ ಪ್ರಸಾರಕ್ಕಾಗಿ ಚಿತ್ರೀಕರಿಸಿದ 'ಲಾ ಬೊಯೆಮ್' ಅನ್ನು ತೆಗೆದುಕೊಳ್ಳೋಣ.

ಒಂದರೊಳಗೊಂದು ಇರುವ ನಾಲ್ಕು ಸಂಗತಿ

'ಒಪೆರಾ ನೋಡಿದೆ' ಎಂದಾಗ ನಾವು ವಾಸ್ತವದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ನೋಡಿರುತ್ತೇವೆ. ಮೊದಲನೆಯದು ಕೃತಿ, ಅಂದರೆ ಜಾಕೊಮೊ ಪುಚ್ಚೀನಿ ಬರೆದ ಸಂಗೀತ ಮತ್ತು ಲುಯಿಜಿ ಇಲ್ಲಿಕಾ, ಜುಸೆಪ್ಪೆ ಜಕೋಸಾ ಇಬ್ಬರೂ ಸೇರಿ ಬರೆದ ಪದ್ಯರೂಪದ ಪಠ್ಯ. ಅದು 1896ರ ಫೆಬ್ರುವರಿ 1ರಂದು ಇಟಲಿಯ ಟ್ಯೂರಿನ್ ನಗರದ ತೆಯಾತ್ರೊ ರೆಜಿಯೊದಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದಿತು. ಎರಡನೆಯದು ಪ್ರಯೋಗ. ಆ ಕೃತಿಗೆ ಒಬ್ಬ ನಿರ್ದೇಶಕ ಕೊಟ್ಟ ರಂಗಸಜ್ಜಿಕೆ, ವೇಷಭೂಷಣ, ಚಲನೆ ಎಲ್ಲವೂ ಇದರಲ್ಲಿ ಸೇರುತ್ತವೆ. ಫ್ರಾಂಕೊ ಜೆಫಿರೆಲ್ಲಿ ಮೆಟ್ರೊಪಾಲಿಟನ್‌ಗಾಗಿ ರೂಪಿಸಿದ ಪ್ರಯೋಗ 1981ರ ಡಿಸೆಂಬರ್ 14ರಂದು ಆರಂಭವಾಯಿತು. ಮೂರನೆಯದು ಪ್ರದರ್ಶನ: ಒಂದು ನಿರ್ದಿಷ್ಟ ಸಂಜೆ, ನಿರ್ದಿಷ್ಟ ಗಾಯಕರು, ಅಂದಿನ ಗಂಟಲು, ಅಂದಿನ ಸಭಿಕರು. ನಾಲ್ಕನೆಯದು ಆ ಪ್ರದರ್ಶನದ ಚಿತ್ರೀಕರಣ.

ನಮ್ಮಲ್ಲೂ ಒಂದೇ ನಾಟಕವನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ರೀತಿಯಲ್ಲಿ ಆಡುತ್ತವೆ, ಒಂದೇ ತಂಡದ ಆಟ ಒಂದು ದಿನ ಕಳೆಗಟ್ಟಿ ಇನ್ನೊಂದು ದಿನ ಸಪ್ಪೆಯಾಗುತ್ತದೆ. ಅಷ್ಟೇ ಸಹಜ ಸಂಗತಿ ಇದು. ಆದರೆ ಒಪೆರಾ ಜಗತ್ತಿನಲ್ಲಿ ಒಂದು ಪ್ರಯೋಗದ ಆಯಸ್ಸು ನಾವು ಊಹಿಸುವುದಕ್ಕಿಂತ ಬಹಳ ದೊಡ್ಡದು. 2020ರಲ್ಲಿ ಉಚಿತವಾಗಿ ತೋರಿಸಿದ 'ಲಾ ಬೊಯೆಮ್' 2008ರ ಏಪ್ರಿಲ್ 5ರ ಪ್ರದರ್ಶನದ್ದು. ಅದರ ಗಾಯಕರು ಏಂಜೆಲಾ ಗಿಯೋರ್ಗ್ಯು ಮತ್ತು ರಮೋನ್ ವಾರ್ಗಾಸ್. ಆದರೆ ಅಲ್ಲಿ ಕಾಣುವ ಪ್ಯಾರಿಸ್ಸಿನ ಚಾವಣಿಗಳೂ ಹಿಮ ಬಿದ್ದ ಮರಗಳೂ 1981ರ ಜೆಫಿರೆಲ್ಲಿಯವೇ.

ಒಪೆರಾ ಎಂದರೆ ಏನು

ಇಟಾಲಿಯನ್ ಭಾಷೆಯಲ್ಲಿ 'ಓಪೆರಾ' ಎಂದರೆ ಕೆಲಸ ಅಥವಾ ಕೃತಿ ಎಂದಷ್ಟೇ ಅರ್ಥ. ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ಲಾರೆನ್ಸಿನ ಕೆಲವು ವಿದ್ವಾಂಸರೂ ಸಂಗೀತಗಾರರೂ ಪ್ರಾಚೀನ ಗ್ರೀಕರು ತಮ್ಮ ನಾಟಕಗಳನ್ನು ಹಾಡುತ್ತಿದ್ದರೆಂಬ ನಂಬಿಕೆಯಿಂದ, ಮಾತನ್ನೇ ರಾಗಕ್ಕೆ ಏರಿಸುವ ಪ್ರಯತ್ನಕ್ಕೆ ಕೈಹಾಕಿದರು. 1607ರಲ್ಲಿ ಮಾಂಟುವಾದಲ್ಲಿ ಮೊಂಟೆವೆರ್ದಿಯ 'ಓರ್ಫೆಯೊ' ಬಂತು. ಇಂದಿಗೂ ಆಗಾಗ ರಂಗಕ್ಕೆ ಬರುವ ಒಪೆರಾಗಳಲ್ಲಿ ಅತ್ಯಂತ ಹಳೆಯದು ಅದೇ. ಅರಮನೆಯ ಈ ಮನರಂಜನೆ 1637ರಲ್ಲಿ ವೆನಿಸ್ಸಿನ ಸಾನ್ ಕಸ್ಸಿಯಾನೊ ರಂಗಮಂದಿರದ ಮೂಲಕ ಟಿಕೆಟ್ ಕೊಂಡು ಬರುವ ಸಾರ್ವಜನಿಕರ ಪಾಲಾಯಿತು. ಟಿಕೆಟ್ ಬಂದ ಮೇಲೆ ಆಸನಗಳು ಹೆಚ್ಚಿದವು, ಆಸನಗಳು ಹೆಚ್ಚಿದಂತೆ ಕೊನೆಯ ಸಾಲು ದೂರವಾಗುತ್ತ ಹೋಯಿತು.

ಕೆಲವು ಪದಗಳನ್ನು ಇಲ್ಲೇ ಬಿಡಿಸಿಕೊಳ್ಳಬಹುದು. ಹಾಡುವುದಕ್ಕಾಗಿ ಬರೆದ ಪಠ್ಯವನ್ನು ಲಿಬ್ರೆಟೊ ಎನ್ನುತ್ತಾರೆ. ಒಂದು ಪಾತ್ರ ತನ್ನ ಮನಸ್ಸನ್ನು ತೋಡಿಕೊಳ್ಳುವ ಏಕವ್ಯಕ್ತಿ ಹಾಡು ಆರಿಯಾ. ಹೆಂಗಸರ ಎತ್ತರದ ಧ್ವನಿ ಸೊಪ್ರಾನೊ, ಗಂಡಸರ ಎತ್ತರದ ಧ್ವನಿ ಟೆನರ್, ನಡುವಿನದು ಬ್ಯಾರಿಟೋನ್, ತಗ್ಗಿನದು ಬಾಸ್. ಇಟಾಲಿಯನ್ ಒಪೆರಾದಲ್ಲಿ ಪ್ರೇಮಿಗಳು ಬಹುಪಾಲು ಸೊಪ್ರಾನೊ ಮತ್ತು ಟೆನರ್ ಆಗಿರುತ್ತಾರೆ. ವೇದಿಕೆಯ ಮುಂದಿನ ತಗ್ಗಿನಲ್ಲಿ ಆರ್ಕೆಸ್ಟ್ರಾ ಕುಳಿತಿರುತ್ತದೆ, ಅದರ ಮುಂದೆ ನಿಂತು ಕೈಯಾಡಿಸುವ ಕಂಡಕ್ಟರನೇ ಇಡೀ ರಾತ್ರಿಯ ಕಾಲಗತಿಯನ್ನು ಹಿಡಿದಿರುತ್ತಾನೆ. ಯಕ್ಷಗಾನ ಕಂಡವರಿಗೆ ಇದು ಅರ್ಧ ಪರಿಚಿತವೇ. ವ್ಯತ್ಯಾಸವೆಂದರೆ, ಅಲ್ಲಿ ಹಾಡು ಭಾಗವತರದು, ಕುಣಿತ ಮತ್ತು ಮಾತು ವೇಷಧಾರಿಯದು; ಒಪೆರಾದಲ್ಲಿ ವೇಷ ಕಟ್ಟಿದವನೇ ಹಾಡಬೇಕು. 'ಲಾ ಬೊಯೆಮ್'ನಲ್ಲಂತೂ ಮನೆ ಬಾಡಿಗೆಯ ಜಗಳದಿಂದ ಹಿಡಿದು ಪ್ರಾಣ ಹೋಗುವವರೆಗೆ ಬಹುತೇಕ ಎಲ್ಲವೂ ಹಾಡಿನಲ್ಲೇ ನಡೆಯುತ್ತದೆ.

ಕತೆ

ಪ್ಯಾರಿಸ್, 1830ರ ಆಸುಪಾಸು, ಕ್ರಿಸ್ಮಸ್ಸಿನ ಹಿಂದಿನ ಸಂಜೆ. ಚಾವಣಿಯ ಕೆಳಗಿನ ಒಂದು ಅಟ್ಟದ ಕೋಣೆಯಲ್ಲಿ ಕವಿ ರೊಡೋಲ್ಫೊ, ಚಿತ್ರಕಾರ ಮಾರ್ಚೆಲ್ಲೊ, ಸಂಗೀತಗಾರ ಶೌನಾರ್, ತತ್ವಜ್ಞಾನಿ ಕೊಲ್ಲೀನೆ ಬಾಡಿಗೆಗಿದ್ದಾರೆ. ಒಲೆಗೆ ಸೌದೆಯಿಲ್ಲದ್ದರಿಂದ ರೊಡೋಲ್ಫೊ ತಾನು ಬರೆದ ನಾಟಕದ ಹಸ್ತಪ್ರತಿಯನ್ನೇ ಅಂಕವಾರು ಉರಿಸಿ ಕೈ ಕಾಯಿಸಿಕೊಳ್ಳುತ್ತಾನೆ. ಗೆಳೆಯರು ಹೊರಗೆ ಹೋದ ಮೇಲೆ ನೆರೆಯ ಮಿಮಿ ಆರಿಹೋದ ಮೇಣದಬತ್ತಿ ಹಿಡಿದು ಬಾಗಿಲು ತಟ್ಟುತ್ತಾಳೆ. ಅವಳ ಕೀಲಿಕೈ ಬಿದ್ದು ಕಳೆಯುತ್ತದೆ. ಕತ್ತಲಲ್ಲಿ ಹುಡುಕುವಾಗ ಕೀಲಿ ರೊಡೋಲ್ಫೊಗೆ ಸಿಗುತ್ತದೆ, ಅವನು ಅದನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿ ಹುಡುಕುವಂತೆ ನಟಿಸುತ್ತಾನೆ. ಎರಡನೆಯ ಅಂಕದಲ್ಲಿ ಬೀದಿ, ಜಾತ್ರೆಯಂಥ ಜನ, ಮೊಮುಸ್ ಎಂಬ ಕೆಫೆ, ಮಾರ್ಚೆಲ್ಲೊನ ಹಳೆಯ ಪ್ರೇಯಸಿ ಮುಸೆಟ್ಟಾ. ಮೂರನೆಯ ಅಂಕ ಫೆಬ್ರುವರಿಯ ಒಂದು ನಸುಕಿನಲ್ಲಿ, ಹಿಮ ಬೀಳುವ ಸುಂಕದ ಕಟ್ಟೆಯ ಬಳಿ. ಮಿಮಿಯ ಕಾಯಿಲೆ ಸಾಯುವ ಕಾಯಿಲೆ ಎಂಬುದು ಅವಳಿಗೆ ಮರೆಯಿಂದ ಕೇಳಿಸಿ ತಿಳಿಯುತ್ತದೆ. ನಾಲ್ಕನೆಯದರಲ್ಲಿ ಮತ್ತೆ ಅಟ್ಟದ ಕೋಣೆ. ಮಿಮಿ ಅಲ್ಲಿಗೆ ಸಾಯಲು ಬರುತ್ತಾಳೆ. ಸಂಗೀತದ ಒಟ್ಟು ಅವಧಿ ಎರಡು ಗಂಟೆಯೊಳಗೇ ಮುಗಿಯುತ್ತದೆ.

ಫ್ರೆಂಚ್ ಲೇಖಕ ಆನ್ರಿ ಮ್ಯುರ್ಜೆ ತನ್ನ ಯೌವನದ ಬಡತನವನ್ನು ನೆನೆದು ಬರೆದ ಕತೆಗಳು ಇದರ ಮೂಲ. ಲಿಯೊನ್‌ಕವಾಲ್ಲೊ ಎಂಬ ಇನ್ನೊಬ್ಬ ಸಂಗೀತಗಾರನೂ ಇದೇ ಕತೆಯನ್ನು ಕೈಗೆತ್ತಿಕೊಂಡು, ಯಾರು ಮೊದಲು ಎಂಬ ಬಗ್ಗೆ 1893ರಲ್ಲಿ ಪತ್ರಿಕೆಗಳಲ್ಲೇ ಇಬ್ಬರಿಗೂ ಜಟಾಪಟಿಯಾಯಿತು. ಅವನ 'ಲಾ ಬೊಯೆಮ್' 1897ರಲ್ಲಿ ಬಂತು. ಈಗ ಅದನ್ನು ಹಾಡುವವರು ವಿರಳ.

ಮೈಕ್ ಇಲ್ಲದ ಗಂಟಲು

ಮೆಟ್ರೊಪಾಲಿಟನ್ ರಂಗಮಂದಿರದಲ್ಲಿ ಸುಮಾರು 3,800 ಆಸನಗಳಿವೆ. ಆರ್ಕೆಸ್ಟ್ರಾದಲ್ಲಿ ಹತ್ತಾರು ವಾದ್ಯಗಾರರಿರುತ್ತಾರೆ. ಗಾಯಕರ ದನಿಯನ್ನು ಹೆಚ್ಚಿಸಲು ಮೈಕ್ ಇರುವುದಿಲ್ಲ. ಒಬ್ಬ ಮನುಷ್ಯನ ಗಂಟಲು ಅಷ್ಟು ಪಿಟೀಲುಗಳನ್ನೂ ತುತ್ತೂರಿಗಳನ್ನೂ ದಾಟಿ ಕೊನೆಯ ಸಾಲಿನವನ ಕಿವಿಗೆ ಬೀಳುವುದು ಹೇಗೆ ಎಂಬುದಕ್ಕೆ ಬಲವೊಂದೇ ಉತ್ತರವಲ್ಲ.

ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್ಬರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ವಿವರಿಸಿದರು. ಆರ್ಕೆಸ್ಟ್ರಾದ ನಾದದ ಹೆಚ್ಚಿನ ಶಕ್ತಿ 500 ಹರ್ಟ್ಜ್ (ಅಂದರೆ ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿದ್ದು, ಅದಕ್ಕಿಂತ ಮೇಲಿನ ಆವರ್ತನಗಳಲ್ಲಿ ಇಳಿಯುತ್ತ ಹೋಗುತ್ತದೆ. ತರಬೇತಾದ ಗಾಯಕ, ಅದರಲ್ಲೂ ಪುರುಷ ಗಾಯಕ, ಗಂಟಲಿನ ಕೆಳಭಾಗವನ್ನು ಅಗಲಿಸಿಕೊಂಡು ಹಾಡುವಾಗ ಅವನ ದನಿಯಲ್ಲಿ 3,000 ಹರ್ಟ್ಜ್ ಹತ್ತಿರ ಒಂದು ದಿಬ್ಬ ಏಳುತ್ತದೆ. ಮನುಷ್ಯನ ಕಿವಿ ಹೆಚ್ಚು ಸೂಕ್ಷ್ಮವಾಗಿರುವುದೂ ಆ ವಲಯದಲ್ಲೇ. ಸಂತೆಯ ಗದ್ದಲವೆಲ್ಲ ಒಂದು ಮಟ್ಟದಲ್ಲಿ ಗುಂಯ್‌ಗುಡುತ್ತಿರುವಾಗ ಒಂದು ಸಣ್ಣ ಗಂಟೆಯ ಕಿಣಿಕಿಣಿ ಬೇರೆಯಾಗಿ ಕೇಳಿಸುತ್ತದಲ್ಲ, ಹಾಗೆ. ಗಾಯಕ ಆರ್ಕೆಸ್ಟ್ರಾದೊಂದಿಗೆ ಹೋರಾಡುವುದಿಲ್ಲ, ಅದು ಖಾಲಿ ಬಿಟ್ಟ ಜಾಗದಲ್ಲಿ ನುಗ್ಗುತ್ತಾನೆ.

ಸೊಪ್ರಾನೊಗಳ ಉಪಾಯ ಬೇರೆ. ತುಂಬ ಎತ್ತರದ ಸ್ವರಗಳಲ್ಲಿ ಅವರು ದವಡೆಯನ್ನು ಅಗಲವಾಗಿ ತೆರೆದು, ಬಾಯಿಯೊಳಗಿನ ಅನುರಣನವನ್ನು ಹಾಡುತ್ತಿರುವ ಸ್ವರದ ಎತ್ತರಕ್ಕೇ ಹೊಂದಿಸುತ್ತಾರೆ. ಹಾಗೆ ಮಾಡಿದಾಗ ದನಿ ಮೈದುಂಬುತ್ತದೆ, ಆದರೆ 'ಇ', 'ಉ', 'ಎ' ಎಂಬ ಭೇದಗಳು ಅಳಿಸಿ ಎಲ್ಲವೂ 'ಆ' ಎಂಬಂತೆ ಕೇಳುತ್ತದೆ. ಇಟಾಲಿಯನ್ ಬಲ್ಲವರಿಗೂ ಆ ಕ್ಷಣದಲ್ಲಿ ಮಾತು ತಿಳಿಯದೇ ಹೋಗುವುದುಂಟು. ಪರದೆಯ ಮೇಲೆ ಕಾಣುವ ಆ ದೊಡ್ಡ ಬಾಯಿ, ಕುತ್ತಿಗೆಯ ನರ, ಹಣೆಯ ಬೆವರು ಯಾವುದೂ ಅತಿನಟನೆಯಲ್ಲ. ಕೊನೆಯ ಸಾಲಿನವನಿಗೆ ಅದು ಕಾಣಿಸುತ್ತಲೂ ಇರಲಿಲ್ಲ. ಕ್ಯಾಮೆರಾ ಬಂದ ಮೇಲೆ ಕಾಣಿಸಿತು.

'ನಾನು ಯಾರು? ಕವಿ'

ಒಂದು ಆರಿಯಾವನ್ನು ಹತ್ತಿರದಿಂದ ನೋಡೋಣ. ಕತ್ತಲಲ್ಲಿ ಕೀಲಿ ಹುಡುಕುತ್ತಿದ್ದ ರೊಡೋಲ್ಫೊನ ಕೈಗೆ ಮಿಮಿಯ ಕೈ ತಗುಲುತ್ತದೆ. 'ಕೆ ಜೆಲಿದಾ ಮನೀನಾ', ಎಷ್ಟು ತಣ್ಣಗಿದೆ ಈ ಪುಟ್ಟ ಕೈ, ನಾನು ಬೆಚ್ಚಗೆ ಮಾಡಲು ಬಿಡಿ, ಎಂದು ಅವನು ಆರಂಭಿಸುತ್ತಾನೆ. ಆ ಮೊದಲ ಮಾತುಗಳನ್ನು ಪುಚ್ಚೀನಿ ಒಂದೇ ಸ್ವರದ ಮೇಲೆ ನಿಲ್ಲಿಸಿದ್ದಾನೆ. ಅಪರಿಚಿತ ಹೆಣ್ಣಿನ ಮುಂದೆ ಹುಡುಗನೊಬ್ಬ ದನಿ ಏರಿಸಲು ಹೆದರಿದಂತೆ. ಅನಂತರ ತನ್ನ ಪರಿಚಯವನ್ನು ತಾನೇ ಪ್ರಶ್ನೆ ಹಾಕಿ ಹೇಳಿಕೊಳ್ಳುತ್ತಾನೆ: ನಾನು ಯಾರು? ಕವಿ. ಏನು ಮಾಡುತ್ತೇನೆ? ಬರೆಯುತ್ತೇನೆ. ಹೇಗೆ ಬದುಕುತ್ತೇನೆ? ಬದುಕುತ್ತೇನೆ. ಈ ಕೊನೆಯ 'ವೀವೊ' ಎಂಬ ಒಂದು ಪದದಲ್ಲಿ ಸಂಕೋಚವೂ ಸ್ವಲ್ಪ ಜಂಬವೂ ಇದೆ. ಅಲ್ಲಿಂದ ರಾಗ ಮೆಲ್ಲಗೆ ಹರಡಿಕೊಂಡು, 'ಭರವಸೆ' ಎಂಬ ಅರ್ಥದ 'ಸ್ಪೆರಾನ್ಸಾ' ಪದದ ಮೇಲೆ ಟೆನರ್‌ಗಳ ಹೆಸರು ಮಾಡುವ, ಕೆಡಿಸುವ ಎತ್ತರದ 'ಸಿ' ಸ್ವರಕ್ಕೆ, ಅಂದರೆ ಸುಮಾರು 523 ಹರ್ಟ್ಜ್‌ಗೆ ಏರುತ್ತದೆ. ಆ ಸ್ವರದ ಭಯಕ್ಕೆ ಎಷ್ಟೋ ಗಾಯಕರು ಇಡೀ ಆರಿಯಾವನ್ನು ಅರ್ಧ ಸ್ವರ ಕೆಳಗೆ ಇಳಿಸಿ ಹಾಡುವ ವಾಡಿಕೆಯೂ ಇದೆ.

1982ರ ಚಿತ್ರೀಕರಣದಲ್ಲಿ ಇದನ್ನು ಹಾಡಿದವರು ಸ್ಪೇನಿನ ಹೊಸೆ ಕರೇರಾಸ್. ಮಿಮಿಯಾಗಿ ಕೆನಡಾದ ತೆರೇಸಾ ಸ್ಟ್ರಾಟಾಸ್. ಮುಸೆಟ್ಟಾ ಆಗಿ ರೆನಾಟಾ ಸ್ಕೊಟ್ಟೊ. ಕಂಡಕ್ಟರ್ ಜೇಮ್ಸ್ ಲೆವೈನ್. ಸ್ಟ್ರಾಟಾಸ್ ಪುಟ್ಟ ಆಕೃತಿಯವರು, ಹಾಡಿನಷ್ಟೇ ನಟನೆಗೂ ಹೆಸರಾದವರು. ರೊಡೋಲ್ಫೊನ ಆರಿಯಾ ಮುಗಿದ ಮೇಲೆ ಬರುವ ಮಿಮಿಯ ಉತ್ತರದಲ್ಲಿ, ನನ್ನನ್ನು ಮಿಮಿ ಎನ್ನುತ್ತಾರೆ, ಹೆಸರು ಮಾತ್ರ ಲೂಚಿಯಾ, ಬಟ್ಟೆಯ ಮೇಲೆ ಹೂ ಕಸೂತಿ ಹಾಕುತ್ತೇನೆ, ಎಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುತ್ತ ಬಂದವಳು, ಹಿಮ ಕರಗಿದಾಗ ಮೊದಲ ಬಿಸಿಲು ನನ್ನದು ಎಂಬಲ್ಲಿಗೆ ಬಂದಾಗ ಆರ್ಕೆಸ್ಟ್ರಾ ಒಮ್ಮೆಲೇ ಉಕ್ಕುತ್ತದೆ. ಮಹಡಿಯ ಮೇಲಿನ ತಣ್ಣನೆಯ ಕೋಣೆಯಲ್ಲಿ ಇರುವವಳಿಗೆ ಇರುವ ಏಕೈಕ ಆಸ್ತಿ ಅದು.

ಜೆಫಿರೆಲ್ಲಿ ಕಟ್ಟಿದ ಪ್ಯಾರಿಸ್

ಸಿನಿಮಾ ನಿರ್ದೇಶಕನೂ ಆಗಿದ್ದ ಜೆಫಿರೆಲ್ಲಿ (1923–2019) ಈ ಪ್ರಯೋಗದ ನಿರ್ದೇಶನವನ್ನೂ ರಂಗಸಜ್ಜಿಕೆಯನ್ನೂ ತಾನೇ ಮಾಡಿದ. ಮೆಟ್ರೊಪಾಲಿಟನ್‌ನ ರಂಗದ್ವಾರ 54 ಅಡಿ ಅಗಲ, ಅಷ್ಟೇ ಎತ್ತರ. ಎರಡನೆಯ ಅಂಕದಲ್ಲಿ ಅವನು ಅದನ್ನು ಎರಡು ಅಂತಸ್ತಾಗಿ ಒಡೆದು, ಮೇಲೆ ಬೀದಿಯನ್ನೂ ಕೆಳಗೆ ಕೆಫೆಯನ್ನೂ ಇಟ್ಟ. ಕೋರಸ್ಸಿನವರು, ಮಕ್ಕಳು, ಹಾಡದೆ ಸುಮ್ಮನೆ ಓಡಾಡುವವರು ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ; ಆಟಿಕೆ ಮಾರುವವನ ಗಾಡಿಗೆ ಕತ್ತೆ, ಮುಸೆಟ್ಟಾ ಬರುವ ಸಾರೋಟಿಗೆ ನಿಜವಾದ ಕುದುರೆ. ಪಕ್ಕದಲ್ಲೂ ಹಿಂದೆಯೂ ಸಿದ್ಧವಾಗಿ ನಿಲ್ಲಿಸಿದ ಸಜ್ಜಿಕೆಗಳನ್ನು ಇಡಿಯಾಗಿ ಸರಿಸಿ ತರುವ ವ್ಯವಸ್ಥೆ ಆ ರಂಗಮಂದಿರದಲ್ಲಿ ಇರುವುದರಿಂದ, ಅಟ್ಟದ ಕೋಣೆ ಮರೆಯಾಗಿ ಇಡೀ ಬೀದಿ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಪರದೆ ಎದ್ದು ಈ ದೃಶ್ಯ ಕಂಡೊಡನೆ, ಯಾರೂ ಇನ್ನೂ ಏನೂ ಮಾಡದಿದ್ದರೂ, ಸಭೆ ಚಪ್ಪಾಳೆ ತಟ್ಟುವುದು ಅಲ್ಲಿ ರೂಢಿಯೇ ಆಗಿಬಿಟ್ಟಿದೆ. ಸಂಗೀತದ ಮೇಲೆ ಚಪ್ಪಾಳೆ ಬಿದ್ದರೆ ಸಿಡುಕುವ ರಸಿಕರೂ ಅಲ್ಲಿದ್ದಾರೆ.

ಆದರೆ ಈ ಪ್ರಯೋಗದ ವಿಚಿತ್ರ ಇರುವುದು ಮೊದಲನೆಯ ಮತ್ತು ಕೊನೆಯ ಅಂಕಗಳಲ್ಲಿ. ಅಷ್ಟು ವಿಶಾಲ ರಂಗದ ನಡುವೆ ಜೆಫಿರೆಲ್ಲಿ ಅಟ್ಟದ ಕೋಣೆಯನ್ನು ಪ್ಯಾರಿಸ್ಸಿನ ಚಾವಣಿಗಳ ಮೇಲೆ ಕುಳಿತ ಒಂದು ಸಣ್ಣ ಪೆಟ್ಟಿಗೆಯಂತೆ ಕಟ್ಟಿದ್ದಾನೆ. ಬಡವರ ಕೋಣೆ ಚಿಕ್ಕದಾಗಿಯೇ ಇರಬೇಕು, ನಗರ ಅದನ್ನು ನುಂಗುವಷ್ಟು ದೊಡ್ಡದಿರಬೇಕು ಎಂಬುದು ಸರಿಯಾದ ಯೋಚನೆಯೇ. ಆದರೆ ದೂರದ ಆಸನದವನಿಗೆ ಅಲ್ಲಿ ಕೈ ಹಿಡಿಯುವ ಇಬ್ಬರು ಬೆರಳುದ್ದದ ಗೊಂಬೆಗಳು. ಕೊನೆಯ ಸಾಲಿನವನಿಗೆ ನಷ್ಟವಾಗಿದ್ದು ಕ್ಯಾಮೆರಾಕ್ಕೆ ಲಾಭವಾಯಿತು: ಪೆಟ್ಟಿಗೆಯಂಥ ಆ ಕೋಣೆ ಟಿವಿಯ ಚೌಕಟ್ಟಿನೊಳಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಅದೇ ಕಾರಣಕ್ಕೆ, ಮಂದಿರದಲ್ಲಿ ಬೆರಗು ಹುಟ್ಟಿಸುವ ಎರಡನೆಯ ಅಂಕ ಪರದೆಯ ಮೇಲೆ ತುಸು ಗೋಜಲಾಗುತ್ತದೆ. ಪೂರ್ತಿ ತೋರಿಸಿದರೆ ಮುಖಗಳಿಲ್ಲ, ಮುಖ ತೋರಿಸಿದರೆ ಬೀದಿಯಿಲ್ಲ.

ನನ್ನ ಮಟ್ಟಿಗೆ ರಂಗಕ್ಕೂ ಪರದೆಗೂ ಸಮನಾಗಿ ಒಗ್ಗಿರುವುದು ಮೂರನೆಯ ಅಂಕ. ಕೊಳಲುಗಳೂ ಹಾರ್ಪ್ ವಾದ್ಯವೂ ಬಿಡಿಬಿಡಿಯಾಗಿ ಕೆಳಗಿಳಿಯುವ ಸ್ವರಗಳಲ್ಲಿ ಹಿಮದ ಹನಿ ಉದುರುವಾಗ, ಬೋಳು ಮರಗಳ ನಡುವೆ ಒಂಟಿ ಹೆಣ್ಣು ಕೆಮ್ಮುತ್ತ ಬರುತ್ತಾಳೆ. ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ ಅವಳು ಒಂಟಿಯೇ.

ಕ್ಯಾಮೆರಾ ಮಾಡುವ ಕೆಲಸ

ಮಂದಿರದಲ್ಲಿ ಕುಳಿತವನು ತನ್ನ ಕಣ್ಣನ್ನು ಎಲ್ಲಿಗೆ ಬೇಕಾದರೂ ಹಾಯಿಸಬಹುದು. ಚಿತ್ರೀಕರಣದಲ್ಲಿ ಆ ಸ್ವಾತಂತ್ರ್ಯ ಟಿವಿ ನಿರ್ದೇಶಕನದು. 1982ರಲ್ಲಿ ಆ ಕೆಲಸ ಮಾಡಿದವರು ಕರ್ಕ್ ಬ್ರೌನಿಂಗ್. ಕ್ರಿಕೆಟ್ ಪಂದ್ಯದ ನೇರಪ್ರಸಾರದಂತೆ ಹಲವು ಕ್ಯಾಮೆರಾಗಳ ಚಿತ್ರಗಳು ಒಂದು ಕೋಣೆಗೆ ಬರುತ್ತವೆ, ಅಲ್ಲಿ ಕುಳಿತವರು ಕ್ಷಣಕ್ಷಣಕ್ಕೂ ಒಂದನ್ನು ಆರಿಸುತ್ತಾರೆ. ಆದರೆ ಕ್ರಿಕೆಟ್‌ನಲ್ಲಿ ಮುಂದಿನ ಚೆಂಡು ಎತ್ತ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ. ಒಪೆರಾದಲ್ಲಿ ಪ್ರತಿಯೊಂದು ಸ್ವರವೂ ಮುದ್ರಿತ ಪುಸ್ತಕದಲ್ಲಿದೆ. ಹಾಗಾಗಿ ಯಾವ ಸ್ವರಕ್ಕೆ ಯಾವ ಕ್ಯಾಮೆರಾ ಎಂಬುದನ್ನು ಮೊದಲೇ ಗುರುತು ಮಾಡಿಕೊಂಡು, ಸಂಗೀತ ಓದಬಲ್ಲ ಒಬ್ಬರು ಸಾಲು ಸಾಲನ್ನೂ ಎಣಿಸುತ್ತ ಸೂಚನೆ ಕೊಡುತ್ತಾರೆ.

ಗಾಯಕರಿಗೂ ಕಂಡಕ್ಟರನ ಕೈ ಕಾಣಲೇಬೇಕು. ರಂಗದ ಎರಡೂ ಪಕ್ಕಗಳಲ್ಲಿ ಅವನನ್ನೇ ತೋರಿಸುವ ಟಿವಿ ಪರದೆಗಳಿರುತ್ತವೆ. ಪ್ರೇಯಸಿಯ ಕೈ ಹಿಡಿದ ರೊಡೋಲ್ಫೊ ಅವಳ ಕಿವಿಯಾಚೆಗೆ ಎಲ್ಲಿಗೋ ದಿಟ್ಟಿಸುತ್ತಿದ್ದರೆ, ಅವನು ಮುಂದಿನ ಸ್ವರ ಎತ್ತುವ ಗಳಿಗೆಗಾಗಿ ಕಾಯುತ್ತಿದ್ದಾನೆ ಎಂದೇ ಅರ್ಥ. ದೂರದಿಂದ ಇದು ಗೊತ್ತಾಗುವುದಿಲ್ಲ. ಹತ್ತಿರದಿಂದ ಒಮ್ಮೆ ಗೊತ್ತಾದ ಮೇಲೆ, ಕಂಡಕ್ಟರನನ್ನು ನೋಡುತ್ತಲೇ ನೋಡದಂತಿರಬಲ್ಲ ಗಾಯಕರು ಯಾರು ಎಂಬುದನ್ನು ಗಮನಿಸುವುದೇ ಒಂದು ರುಚಿಯಾಗುತ್ತದೆ.

ಮೈಕ್ ಇಲ್ಲ ಎಂದೆನಲ್ಲ, ಅದು ಮಂದಿರದೊಳಗಿನ ಕಿವಿಗೆ. ದಾಖಲಿಸಲು ರಂಗದ ಅಂಚಿನಲ್ಲೂ ಆರ್ಕೆಸ್ಟ್ರಾದ ಮೇಲೂ ಮೈಕುಗಳಿರುತ್ತವೆ. ಇದರಿಂದ ಮನೆಯಲ್ಲಿ ಕೇಳುವವನಿಗೆ ಒಂದು ತಪ್ಪು ಅಂದಾಜು ಉಂಟಾಗಬಹುದು: ಚಿಕ್ಕ ಧ್ವನಿಯೂ ದೊಡ್ಡ ಧ್ವನಿಯೂ ಅವನಿಗೆ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ತಲುಪುತ್ತವೆ. ಸಭಾಂಗಣವನ್ನು ತುಂಬುವ ಧ್ವನಿಯ ಅನುಭವವನ್ನು ಯಾವ ಚಿತ್ರೀಕರಣವೂ ಕೊಡಲಾರದು.

ಎಲ್ಲ ಒಪೆರಾ ಚಿತ್ರಗಳೂ ಹೀಗೆ ಪ್ರದರ್ಶನದ ನಡುವೆಯೇ ತೆಗೆದವಲ್ಲ. ಮಿಲಾನಿನ ಲಾ ಸ್ಕಾಲಾ ರಂಗಮಂದಿರಕ್ಕಾಗಿ ಜೆಫಿರೆಲ್ಲಿ 1963ರಲ್ಲಿ ಮಾಡಿದ್ದ ಹಿಂದಿನ 'ಲಾ ಬೊಯೆಮ್' ಪ್ರಯೋಗವನ್ನು, ಕಂಡಕ್ಟರ್ ಹರ್ಬರ್ಟ್ ಫಾನ್ ಕರಾಯನ್ ನೇತೃತ್ವದಲ್ಲಿ, 1965ರಲ್ಲಿ ಸಿನಿಮಾವಾಗಿಸಿದರು. ಅಲ್ಲಿ ಹಾಡು ಮೊದಲೇ ಧ್ವನಿಮುದ್ರಣವಾಗಿತ್ತು; ಮಿರೆಲ್ಲಾ ಫ್ರೇನಿ ಮೊದಲಾದವರು ತಮ್ಮ ದನಿಗೆ ತಾವೇ ತುಟಿ ಆಡಿಸಿದರು. ನಮ್ಮ ಸಿನಿಮಾ ಹಾಡುಗಳ ಚಿತ್ರೀಕರಣವೂ ಹೀಗೆಯೇ ಆದ್ದರಿಂದ ನಮಗೆ ಅದು ಹೆಚ್ಚು ಸಲೀಸಾಗಿ ಕಾಣಬಹುದು. ಮುಖದಲ್ಲಿ ಆಯಾಸವಿಲ್ಲ, ಬೆವರಿಲ್ಲ; ಜೊತೆಗೆ ಅಪಾಯವೂ ಇಲ್ಲ. 1992ರ ಜುಲೈಯಲ್ಲಿ ಪುಚ್ಚೀನಿಯದೇ 'ಟೋಸ್ಕಾ'ವನ್ನು, ಕತೆ ನಡೆಯುವ ರೋಮಿನ ಅದೇ ಚರ್ಚು, ಅರಮನೆ, ಕೋಟೆಗಳಲ್ಲಿ, ಕತೆಯ ಅದೇ ಹೊತ್ತುಗಳಲ್ಲಿ ನೇರಪ್ರಸಾರ ಮಾಡಿದ ಸಾಹಸವೂ ಉಂಟು. ಜುಬಿನ್ ಮೆಹ್ತಾ ಮತ್ತು ಅವರ ಆರ್ಕೆಸ್ಟ್ರಾ ಬೇರೊಂದು ಸ್ಟುಡಿಯೊದಲ್ಲಿದ್ದರು. ಗಾಯಕರು ಹಾಡಿದ್ದು ಮಾತ್ರ ಆಯಾ ಸ್ಥಳದಲ್ಲಿ, ಆ ಗಳಿಗೆಯಲ್ಲೇ.

ಅಡಿಬರಹ, ಮತ್ತು 'ನೀವು' 'ನೀನು' ಆಗುವ ಗಳಿಗೆ

ಮೆಟ್ರೊಪಾಲಿಟನ್‌ನ ಸರಣಿ ಪ್ರಸಾರ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಆರಂಭವಾದದ್ದು 1977ರ ಮಾರ್ಚ್ 15ರಂದು, 'ಲಾ ಬೊಯೆಮ್'ನಿಂದಲೇ. ಅಂದು ರೊಡೋಲ್ಫೊ ಲುಚಾನೊ ಪವರೊಟ್ಟಿ, ಮಿಮಿಯಾಗಿದ್ದವರು 1982ರಲ್ಲಿ ಮುಸೆಟ್ಟಾ ಆದ ಅದೇ ರೆನಾಟಾ ಸ್ಕೊಟ್ಟೊ. ಆ ಪ್ರಸಾರಗಳಲ್ಲಿ ಪರದೆಯ ಕೆಳಗೆ ಇಂಗ್ಲಿಷ್ ಅನುವಾದ ಬರುತ್ತಿತ್ತು. ರಂಗಮಂದಿರಗಳಲ್ಲಿ ವೇದಿಕೆಯ ಮೇಲೆ ಅನುವಾದ ತೋರಿಸುವ ಪದ್ಧತಿ 1983ರಲ್ಲಿ ಟೊರೊಂಟೊದಲ್ಲಿ ಮೊದಲಾಯಿತು. ಮೆಟ್ರೊಪಾಲಿಟನ್ ತನ್ನ ಆಸನಗಳ ಹಿಂಬದಿಗೆ ಪುಟ್ಟ ಪರದೆ ಅಳವಡಿಸಿದ್ದು 1995ರಲ್ಲಿ. ಅಂದರೆ 1982ರಲ್ಲಿ ಮನೆಯಲ್ಲಿ ಪುಕ್ಕಟೆ ನೋಡಿದವನಿಗೆ ಮಾತು ತಿಳಿಯಿತು, ದುಡ್ಡು ಕೊಟ್ಟು ಒಳಗೆ ಕುಳಿತವನಿಗೆ ತಿಳಿಯಲಿಲ್ಲ.

ಆದರೂ ಆ ಅಡಿಬರಹದಲ್ಲಿ ಸೋರಿಹೋಗುವ ಒಂದು ಸೂಕ್ಷ್ಮವನ್ನು ಕನ್ನಡಿಗರು ಸುಲಭವಾಗಿ ಹಿಡಿಯಬಲ್ಲರು. ಇಟಾಲಿಯನ್‌ನಲ್ಲಿಯೂ ನಮ್ಮಂತೆ ಗೌರವದ 'ನೀವು', ಸಲಿಗೆಯ 'ನೀನು' ಬೇರೆ ಬೇರೆ. ಮೊದಲ ಅಂಕದಲ್ಲಿ ಇಬ್ಬರೂ 'ನೀವು' ಎಂದೇ ಮಾತಾಡುತ್ತಾರೆ. ಕೊನೆಯ ಯುಗಳಗೀತೆಯಲ್ಲಿ ರೊಡೋಲ್ಫೊ ಏಕವಚನಕ್ಕೆ ಜಾರಿ, ಮುತ್ತಿಟ್ಟು 'ಸೇಯಿ ಮೀಯಾ', ನೀನು ನನ್ನವಳು, ಎನ್ನುತ್ತಾನೆ. ಮಿಮಿ ಬಿಡಿಸಿಕೊಂಡು, ನಿಮ್ಮ ಗೆಳೆಯರು ಕಾಯುತ್ತಿದ್ದಾರೆ, ಎನ್ನುತ್ತಾಳೆ. ನಾನೂ ನಿಮ್ಮೊಂದಿಗೆ ಬಂದರೆ, ನಿಮ್ಮ ಹತ್ತಿರವೇ ಇರುತ್ತೇನೆ, ಎನ್ನುವಾಗಲೂ ಬಹುವಚನವೇ. ತೋಳು ಹಿಡಿದು ಬಾಗಿಲ ಬಳಿಗೆ ಹೋದ ಮೇಲೆ, ಪ್ರೀತಿಸುತ್ತೇನೆಂದು ಹೇಳು ಎಂದು ಅವನು ಕೇಳಿದಾಗ ಮಾತ್ರ, 'ಯೊ ತಾಮೊ', ನಿನ್ನನ್ನು ಪ್ರೀತಿಸುತ್ತೇನೆ, ಎಂದು ಅವಳೂ ಏಕವಚನಕ್ಕೆ ಇಳಿಯುತ್ತಾಳೆ. ಇಂಗ್ಲಿಷ್ ಅಡಿಬರಹದಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಈ ಮೆಟ್ಟಿಲು ಕಾಣುವುದೇ ಇಲ್ಲ. ನಾಲ್ಕೈದು ಪಾತ್ರಗಳು ಒಟ್ಟಿಗೆ ಬೇರೆ ಬೇರೆ ಮಾತುಗಳನ್ನು ಹಾಡುವ ಕಡೆಗಳಲ್ಲಂತೂ ಅಡಿಬರಹ ಒಬ್ಬರ ಮಾತನ್ನು ಆರಿಸಿಕೊಂಡು ಉಳಿದವರನ್ನು ಬಿಟ್ಟುಬಿಡುತ್ತದೆ.

ಕೊನೆಯ ಕೆಲವು ನಿಮಿಷ

ಸಾಯುತ್ತಿರುವವಳು ಹಾಡುವುದು ಹೇಗೆ ಎಂಬ ಪ್ರಶ್ನೆಗೆ ಪುಚ್ಚೀನಿ ತನ್ನದೇ ಉತ್ತರ ಬರೆದಿಟ್ಟಿದ್ದಾನೆ. ಎಲ್ಲರೂ ಹೋದರೇ, ನಿನ್ನ ಜೊತೆ ಒಬ್ಬಳೇ ಇರಬೇಕೆಂದು ನಿದ್ದೆ ಬಂದಂತೆ ನಟಿಸುತ್ತಿದ್ದೆ, ಎಂದು ಮಿಮಿ ತಗ್ಗಿನ ಸ್ವರಗಳಲ್ಲಿ ಮೆಲ್ಲಗೆ ಆರಂಭಿಸುತ್ತಾಳೆ. ಅನಂತರ ಮೊದಲ ಅಂಕದ ರಾಗಗಳು ಒಂದೊಂದಾಗಿ ಮರಳುತ್ತವೆ. ತಣ್ಣನೆಯ ಪುಟ್ಟ ಕೈಯ ರಾಗವನ್ನು ಈಗ ಅವಳೇ ನೆನಪಿಸಿಕೊಂಡು ಹಾಡಲು ಹೋಗಿ ಕೆಮ್ಮಿನಿಂದ ನಿಲ್ಲಿಸುತ್ತಾಳೆ. ಅವಳ ಸಾವಿಗೆ ಎತ್ತರದ ಸ್ವರವಿಲ್ಲ, ವಿದಾಯದ ಆರಿಯಾ ಇಲ್ಲ. ಮಾತು ನಿಲ್ಲುತ್ತದೆ, ಆರ್ಕೆಸ್ಟ್ರಾ ತೀರ ಸಣ್ಣಗಾಗುತ್ತದೆ, ಅಷ್ಟೆ. ತನ್ನ ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಪುಚ್ಚೀನಿ ಒಂದು ತಲೆಬುರುಡೆಯ ಚಿತ್ರ ಬಿಡಿಸಿದ್ದಾನೆ.

ಆ ಗಳಿಗೆಯಲ್ಲಿ ರಂಗದ ಮೇಲೆ ಹಲವು ಸಂಗತಿಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಮುಸೆಟ್ಟಾ ಔಷಧಿ ಕಾಯಿಸುತ್ತ ಪ್ರಾರ್ಥನೆ ಗೊಣಗುತ್ತಿದ್ದಾಳೆ. ಮಿಮಿಯ ಮುಖಕ್ಕೆ ಬಿಸಿಲು ಬೀಳದಿರಲೆಂದು ರೊಡೋಲ್ಫೊ ಕಿಟಕಿಗೆ ಬಟ್ಟೆ ಮರೆಕಟ್ಟಲು ಹೋಗಿದ್ದಾನೆ. ಹಾಸಿಗೆಯ ಬಳಿ ಬಂದ ಶೌನಾರ್‌ಗೆ ಮೊದಲು ತಿಳಿಯುತ್ತದೆ. ಅವನು ಮಾರ್ಚೆಲ್ಲೊನ ಕಿವಿಯಲ್ಲಿ ಹೇಳುತ್ತಾನೆ. ಮಂದಿರದಲ್ಲಿ ಕುಳಿತವನಿಗೆ ಇವೆಲ್ಲ ಒಂದೇ ನೋಟದಲ್ಲಿ ಸಿಗುತ್ತವೆ: ಸತ್ತವಳು ಇಲ್ಲಿ, ಅದು ಗೊತ್ತಿಲ್ಲದವನು ಕಿಟಕಿಯ ಬಳಿ ಅಲ್ಲಿ, ನಡುವೆ ಗೊತ್ತಾದವರ ಮೌನ. ಕ್ಯಾಮೆರಾ ಮಾತ್ರ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲೇಬೇಕು. ಅದಕ್ಕೆ ಬದಲಾಗಿ ಅದು ಸ್ಟ್ರಾಟಾಸ್‌ರ ಮುಖವನ್ನು, ಕೊನೆಯ ಸಾಲಿನವನು ಎಂದೂ ಕಾಣದಿದ್ದಷ್ಟು ಹತ್ತಿರದಿಂದ, ನಮಗೆ ಕೊಡುತ್ತದೆ.

ಕಿಟಕಿಯಿಂದ ತಿರುಗಿ ರೊಡೋಲ್ಫೊ ಗೆಳೆಯರ ಮುಖ ನೋಡುತ್ತಾನೆ. ಯಾಕೆ ಹೀಗೆ ಅತ್ತಿತ್ತ ಓಡಾಡುತ್ತೀರಿ, ಯಾಕೆ ನನ್ನನ್ನು ಹಾಗೆ ನೋಡುತ್ತೀರಿ, ಎಂದು ಅವನು ಕೇಳುವ ಈ ಒಂದು ಸಾಲನ್ನು ಪುಚ್ಚೀನಿ ರಾಗಕ್ಕೆ ಹಾಕಿಲ್ಲ; ಇಷ್ಟು ಹೊತ್ತು ಹಾಡಿದವನು ಇಲ್ಲಿ ಬರಿದೇ ಮಾತಾಡುತ್ತಾನೆ. ಮರುಕ್ಷಣ ತುತ್ತೂರಿಗಳು ಬೋರ್ಗರೆಯುತ್ತವೆ, ಅವುಗಳ ಮೇಲಿಂದ ಅವನು ಅವಳ ಹೆಸರನ್ನು ಎರಡು ಸಲ ಕೂಗುತ್ತಾನೆ. ಆ ಕೂಗಿಗೆ ಮೈಕ್ ಬೇಕಿಲ್ಲ.